ಗುರಿ ಬರೆಯುವ ಮೊದಲು ಗಂಟೆ ಎಣಿಸಿ

ಡಿಸೆಂಬರ್ ಕೊನೆಯ ವಾರ ಸಮಾಲೋಚನೆಗೆ ಬರುವ ಬಹಳ ಜನರ ಕೈಯಲ್ಲಿ ಒಂದು ಪಟ್ಟಿ ಇರುತ್ತದೆ. ತೂಕ ಇಳಿಸಬೇಕು, ಇಂಗ್ಲಿಷ್ ಕಲಿಯಬೇಕು, ಸಾಲ ತೀರಿಸಬೇಕು, ಪರೀಕ್ಷೆ ಪಾಸಾಗಬೇಕು, ಮಕ್ಕಳ ಜೊತೆ ಹೆಚ್ಚು ಹೊತ್ತು ಇರಬೇಕು, ರಿಂಗ್ ರೋಡಿನಾಚೆ ಒಂದು ಸೈಟು ಹಿಡಿಯಬೇಕು. ಎಲ್ಲವೂ ಒಳ್ಳೆಯ ಬಯಕೆಗಳೇ. ಆದರೆ ಇದಕ್ಕೆಲ್ಲ ವಾರಕ್ಕೆ ಎಷ್ಟು ಗಂಟೆ ಬೇಕು, ತಮ್ಮ ಹತ್ತಿರ ಎಷ್ಟು ಗಂಟೆ ಇವೆ ಎಂಬ ಲೆಕ್ಕ ಆ ಪಟ್ಟಿಯಲ್ಲಿ ಎಲ್ಲೂ ಇರುವುದಿಲ್ಲ. ಎರಡು ಎಕರೆ ಹೊಲ ಇದ್ದವರು ಐದು ಎಕರೆಯ ಬೀಜ ತರುವುದಿಲ್ಲ. ಗುರಿಯ ವಿಷಯದಲ್ಲಿ ಮಾತ್ರ ಓದಿದವರೂ ಈ ಲೆಕ್ಕ ಮರೆಯುತ್ತಾರೆ. ಫೆಬ್ರವರಿ ಬರುವಷ್ಟರಲ್ಲಿ ಪಟ್ಟಿ ಕೈಬಿಟ್ಟಿರುತ್ತದೆ, "ನನ್ನ ಮನಸ್ಸೇ ಗಟ್ಟಿ ಇಲ್ರಿ" ಎಂದು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಬಹಳಷ್ಟು ಸಲ ತಪ್ಪಿರುವುದು ಲೆಕ್ಕ.

ಹಾಗಾಗಿ ಮೊದಲ ಕೆಲಸ ಗಂಟೆ ಎಣಿಸುವುದು. ವಾರಕ್ಕೆ 168 ಗಂಟೆ. ಧಾರವಾಡದಲ್ಲಿ ಮನೆ, ಹುಬ್ಬಳ್ಳಿಯಲ್ಲಿ ನೌಕರಿ ಇರುವ ಒಬ್ಬರ ವಾರವನ್ನು ಉದಾಹರಣೆಗೆ ತೆಗೆದುಕೊಳ್ಳಿ. ನಿದ್ದೆ ದಿನಕ್ಕೆ 7ರಂತೆ 49 ಗಂಟೆ. ಕೆಲಸ ಆರು ದಿನಕ್ಕೆ 9ರಂತೆ 54. ಎರಡೂ ಊರಿನ ನಡುವೆ ಬೇಗ ಓಡುವ ಚಿಗರಿ ಬಸ್ಸಿನಲ್ಲಿ ಹೋದರೂ, ಮನೆಯಿಂದ ನಿಲ್ದಾಣಕ್ಕೆ ನಡೆಯುವುದು ಕಾಯುವುದು ಎಲ್ಲ ಸೇರಿ ಹೋಗಿಬರಲು ದಿನಕ್ಕೆ 2ರಂತೆ 12. ಸ್ನಾನ, ಊಟ, ಸಂತೆ, ಮನೆಕೆಲಸಕ್ಕೆ ದಿನಕ್ಕೆ 3ರಂತೆ 21. ಒಟ್ಟು 136. ಉಳಿದದ್ದು 32. ಅದರಲ್ಲಿ ಮೊಬೈಲ್, ಟಿವಿಗೆ ದಿನಕ್ಕೆ ಎರಡು ತಾಸು ಹೋಗುತ್ತದೆ ಎಂದು ಪ್ರಾಮಾಣಿಕವಾಗಿ ಬರೆದರೆ 14 ಕಳೆಯಿತು. ಕೈಯಲ್ಲಿ ಉಳಿದದ್ದು 18 ಗಂಟೆ.

ಈ 18ರಲ್ಲಿ ಅರ್ಧವನ್ನು ಮಾತ್ರ ಗುರಿಗೆ ಇಡಿ. ಉಳಿದರ್ಧ ನೆಂಟರು, ಜ್ವರ, ಬ್ಯಾಂಕಿನ ಕೆಲಸ, ಸುಮ್ಮನೆ ಕೂರುವುದಕ್ಕೆ ಬೇಕೇ ಬೇಕು. ಒಂದು ಕೆಲಸಕ್ಕೆ ಎಷ್ಟು ಸಮಯ ಹಿಡಿಯುತ್ತದೆ ಎಂಬುದನ್ನು ಮನುಷ್ಯರು ಸಾಮಾನ್ಯವಾಗಿ ಕಡಿಮೆ ಅಂದಾಜು ಮಾಡುತ್ತಾರೆ. ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್ ಮತ್ತು ಏಮೊಸ್ ಟ್ವೆರ್ಸ್ಕಿ 1979ರಲ್ಲೇ ಇದನ್ನು ವಿವರಿಸಿದ್ದರು. ವರ್ಷಕ್ಕೂ 52 ವಾರ ಹಿಡಿಯಬೇಡಿ, 40 ಹಿಡಿಯಿರಿ. ಗಣಪತಿಯ ಹನ್ನೊಂದು ದಿನ, ದೀಪಾವಳಿ, ಸಿದ್ಧಾರೂಢರ ಜಾತ್ರೆ, ಬೇಸಿಗೆಯ ಸಾಲು ಸಾಲು ಲಗ್ನಗಳು, ಕುಬಸ, ಗೃಹಪ್ರವೇಶ ಇವೆಲ್ಲ ಬರುತ್ತವೆ ಎಂದು ಗೊತ್ತಿದ್ದೂ ಲೆಕ್ಕದಲ್ಲಿ ಬಿಟ್ಟರೆ, ಬಂದಾಗ ಹಬ್ಬವೂ ಹಿತವಾಗುವುದಿಲ್ಲ, ಗುರಿಯೂ ಕೆಡುತ್ತದೆ. ವಾರಕ್ಕೆ 9 ಗಂಟೆ, 40 ವಾರ, ಅಂದರೆ ವರ್ಷಕ್ಕೆ 360 ಗಂಟೆ. ಇಷ್ಟೇ ನಿಮ್ಮ ಹೊಲ. ಇದರಲ್ಲಿ ಒಂದು ದೊಡ್ಡ ಗುರಿ, ಎರಡು ಸಣ್ಣವು ಹಿಡಿಸುತ್ತವೆ. ಆರು ಹಿಡಿಸುವುದಿಲ್ಲ.

ಗೃಹಿಣಿಯರು ಈ ಲೆಕ್ಕ ಹಾಕಿದಾಗ ಉಳಿಯುವ ಅಂಕಿ ಅನೇಕ ಸಲ ಎರಡು ಮೂರು ಗಂಟೆ, ಕೆಲವು ಸಲ ಸೊನ್ನೆ. ಮಕ್ಕಳು ಸಣ್ಣವರಿದ್ದು, ಹಾಸಿಗೆ ಹಿಡಿದ ಹಿರಿಯರಿರುವ ಕೂಡುಕುಟುಂಬದಲ್ಲಂತೂ ಇದು ಸಾಮಾನ್ಯ. ಅಂಥವರಿಗೆ "ಬೆಳಿಗ್ಗೆ ನಾಲ್ಕಕ್ಕೆ ಏಳಿ" ಎನ್ನುವ ಸಲಹೆ ಅನ್ಯಾಯದ್ದು. ನಿದ್ದೆ ಕದ್ದು ಇಟ್ಟ ಗುರಿ ಬಹಳ ದಿನ ಬಾಳುವುದಿಲ್ಲ. ಅವರ ಮೊದಲ ಮೂರು ತಿಂಗಳ ಗುರಿ ಗಂಟೆ ಬಿಡಿಸಿಕೊಳ್ಳುವುದೇ ಆಗಬೇಕು: ಸಂಜೆ ಮಕ್ಕಳ ಓದು ಯಾರು ನೋಡಿಕೊಳ್ಳುತ್ತಾರೆ, ಭಾನುವಾರದ ಅಡಿಗೆ ಯಾರದು, ಅತ್ತೆಯವರನ್ನು ಆಸ್ಪತ್ರೆಗೆ ಯಾರು ಕರೆದೊಯ್ಯುತ್ತಾರೆ. ಹೆಸರು ಮತ್ತು ದಿನ ಹಾಕಿ ಬರೆದು ಅಡಿಗೆಮನೆಯ ಗೋಡೆಗೆ ಅಂಟಿಸಿ. "ನಾನೂ ಸಹಾಯ ಮಾಡ್ತೀನಿ ಬಿಡು" ಎಂಬ ಗಂಡನ ಮಾತಿಗೆ ದಿನ, ಹೊತ್ತು ಇರದಿದ್ದರೆ ಅದು ಒಂದು ವಾರವೂ ನಡೆಯುವುದಿಲ್ಲ.

ಗಂಟೆ ಸಿಕ್ಕಮೇಲೆ ಅವನ್ನು ಯಾವುದಕ್ಕೆ ಕೊಡಬೇಕು ಎಂಬ ಪ್ರಶ್ನೆ. ಬದುಕಿನ ದೊಡ್ಡ ನೋಟ ಬೇಕಾಗುವುದು ಇಲ್ಲಿ. ಅದನ್ನು ಬರೆಯಲು ಹೇಳಿದರೆ ಹೆಚ್ಚಿನವರು ದೊಡ್ಡ ದಿನಗಳನ್ನು ಬರೆಯುತ್ತಾರೆ: ಮನೆಯ ವಾಸ್ತುಶಾಂತಿ, ಮಗಳ ಮದುವೆ, ನೇಮಕಾತಿ ಪತ್ರ ಕೈಗೆ ಬಂದ ದಿನ. ಬದುಕು ನಡೆಯುವುದು ಉಳಿದ ದಿನಗಳಲ್ಲಿ. ಅದಕ್ಕೇ ಐದು ವರ್ಷದ ನಂತರದ ಒಂದು ಸಾದಾ ಮಂಗಳವಾರವನ್ನು ಒಂದು ಪುಟದಲ್ಲಿ ಬರೆಯಿರಿ. ಎಷ್ಟಕ್ಕೆ ಎದ್ದಿರಿ, ಯಾವ ಊರು, ಮನೆಯಲ್ಲಿ ಯಾರ್ಯಾರಿದ್ದಾರೆ, ಯಾವ ಕೆಲಸಕ್ಕೆ ಹೊರಟಿರಿ, ತಿಂಗಳ ಕಂತು ಎಷ್ಟಿದೆ, ಮೂರನೇ ಮಹಡಿ ಹತ್ತಿದರೆ ಮೊಣಕಾಲು ಏನೆನ್ನುತ್ತದೆ, ರಾತ್ರಿ ಯಾರ ಜೊತೆ ಕೂತು ಉಣ್ಣುತ್ತೀರಿ. ಅರ್ಧ ತಾಸು ಸಾಕು. ಮೊಬೈಲಿನಲ್ಲಿ ಬೇಡ, ನೂರು ಪುಟದ ನೋಟ್‌ಬುಕ್ಕಿನಲ್ಲಿ ಕೈಯಿಂದ ಬರೆಯಿರಿ.

ಮರುದಿನ ಆ ಪುಟ ತೆಗೆದು ಪ್ರತಿ ಸಾಲಿಗೂ ಒಂದು ಪ್ರಶ್ನೆ ಹಾಕಿ: ಇದು ನನಗೆ ಸಿಕ್ಕಿದೆ ಎಂದು ಓಣಿಯವರಿಗಾಗಲಿ, ಬೀಗರಿಗಾಗಲಿ ಎಂದೂ ಗೊತ್ತಾಗುವುದಿಲ್ಲ ಎಂದಾದರೂ ನನಗೆ ಬೇಕೇ? ಎಷ್ಟೋ ಸೈಟು, ಎಷ್ಟೋ ಕಾರು, ಕೆಲವು ಡಿಗ್ರಿಗಳೂ ಈ ಪ್ರಶ್ನೆಗೆ ನಿಲ್ಲುವುದಿಲ್ಲ. ನಿಲ್ಲದ ಸಾಲನ್ನು ಹೊಡೆದುಹಾಕಬೇಕೆಂದಿಲ್ಲ. ಈ ವರ್ಷದ ಗಂಟೆಗಳನ್ನು ಅದಕ್ಕೆ ಕೊಡಬೇಡಿ, ಅಷ್ಟೆ. ಗಂಡ ಹೆಂಡತಿ ಬೇರೆ ಬೇರೆ ಬರೆದು ಆಮೇಲೆ ಅದಲುಬದಲು ಮಾಡಿ ಓದಿದರೆ ಇನ್ನೂ ಒಳ್ಳೆಯದು. ಒಬ್ಬರ ಮಂಗಳವಾರ ಬೆಂಗಳೂರಿನಲ್ಲಿ, ಇನ್ನೊಬ್ಬರದು ರಾಣೆಬೆನ್ನೂರಿನ ಹೊಲದ ಮನೆಯಲ್ಲಿ ಇದ್ದರೆ ಅದು ಗೊತ್ತಾಗಬೇಕಾದದ್ದು ಈಗಲೇ, ಸಾಲಕ್ಕೆ ಸಹಿ ಹಾಕಿದ ಮೇಲಲ್ಲ.

ಆ ಪುಟದಿಂದ ಒಂದು ದೊಡ್ಡ ಗುರಿ ಆರಿಸಿ, ಅದನ್ನು ಕೈಕಾಲು ಮಾಡುವ ಕೆಲಸವಾಗಿ ಬರೆಯಿರಿ. "ಆರೋಗ್ಯ ಕಾಪಾಡಿಕೊಳ್ಳಬೇಕು" ಎಂಬುದು ಬಯಕೆ. "ಸೋಮವಾರದಿಂದ ಶುಕ್ರವಾರ ಬೆಳಿಗ್ಗೆ 6ಕ್ಕೆ ಉಣಕಲ್ ಕೆರೆಯ ದಂಡೆಯಲ್ಲಿ 30 ನಿಮಿಷ ಬಿರುಸಾಗಿ ನಡೆಯುತ್ತೇನೆ" ಎಂಬುದು ಗುರಿ. ವಾರಕ್ಕೆ 150 ನಿಮಿಷ ಆಯಿತು. ವಯಸ್ಕರಿಗೆ ಸಾಧಾರಣ ಶ್ರಮದ ಚಟುವಟಿಕೆ ಕನಿಷ್ಠ ಇಷ್ಟಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗದಗಿನವರಿಗೆ ಭೀಷ್ಮ ಕೆರೆ, ಹಾವೇರಿಯವರಿಗೆ ಹೆಗ್ಗೇರಿ ಕೆರೆ ಇದೆ. ಜಾಗದ ಹೆಸರು ಬರೆಯುವುದು ಮುಖ್ಯ. ಕೆಳಗೆ ಇನ್ನೆರಡು ಸಾಲು ಸೇರಿಸಿ. ಒಂದು, ಅಡ್ಡಿ ಬಂದರೆ ಏನು: "ಮಳೆ ಹಿಡಿದರೆ ಮನೆಯ ಮೆಟ್ಟಿಲು 15 ನಿಮಿಷ ಹತ್ತಿಳಿಯುತ್ತೇನೆ." ಹೀಗೆ "ಇಂಥದ್ದು ಆದರೆ ಇಂಥದ್ದು ಮಾಡುತ್ತೇನೆ" ಎಂದು ಮೊದಲೇ ನಿಶ್ಚಯಿಸಿಕೊಂಡವರು ಗುರಿ ಮುಟ್ಟುವ ಸಂಭವ ಹೆಚ್ಚು ಎಂಬುದನ್ನು ಜರ್ಮನಿಯ ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಜರ್ ಮತ್ತು ಅವರ ಜೊತೆಗಾರರ ಅಧ್ಯಯನಗಳು ತೋರಿಸಿವೆ. ಇನ್ನೊಂದು, ತೀರ ಕೆಟ್ಟ ದಿನದ ಅಳತೆ: "ಏನೂ ಆಗದಿದ್ದರೆ ಹತ್ತು ನಿಮಿಷ." ಈ ಸಣ್ಣ ಅಳತೆ ಇಲ್ಲದವರು ಒಂದು ದಿನ ತಪ್ಪಿದ ಕೂಡಲೇ ಎಲ್ಲ ಮುಗಿಯಿತು ಎಂದುಕೊಳ್ಳುತ್ತಾರೆ.

21 ದಿನ ಮಾಡಿದರೆ ರೂಢಿಯಾಗುತ್ತದೆ ಎಂಬ ಮಾತನ್ನು ನಂಬಬೇಡಿ. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಕೆಲಸ ತಾನಾಗಿ ನಡೆಯುವ ರೂಢಿಯಾಗಲು ಸುಮಾರು 66 ದಿನ ಹಿಡಿದಿತ್ತು. ವ್ಯಕ್ತಿ ಮತ್ತು ಕೆಲಸಕ್ಕೆ ತಕ್ಕಂತೆ ಆ ಅಂದಾಜು 18ರಿಂದ 254 ದಿನಗಳವರೆಗೆ ಹರಡಿತ್ತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವ ನಷ್ಟವೇನೂ ಆಗಿರಲಿಲ್ಲ. 22ನೇ ದಿನವೂ ಏಳಲು ಕಷ್ಟವಾದರೆ ಅದು ನಿಮ್ಮ ದೋಷವಲ್ಲ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಮಾತು ಬೇರೆಯೇ ಇದೆ, ಅದನ್ನು ಬಿಡಿಸಿ ಹೇಳಬೇಕು. ಧಾರವಾಡದ ಸಪ್ತಾಪುರದ ಸುತ್ತ ರೂಮು ಮಾಡಿಕೊಂಡು ಎಫ್‌ಡಿಎ, ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್), ಕೆಎಎಸ್‌ನಂಥ ಸರ್ಕಾರಿ ಹುದ್ದೆಗೆ ಓದುವ ಮಕ್ಕಳು ಉತ್ತರ ಕರ್ನಾಟಕದ ಎಲ್ಲ ಜಿಲ್ಲೆಗಳಿಂದ ಬಂದಿದ್ದಾರೆ. ಅವರ ಹೊಸ ವರ್ಷದ ಗುರಿ ಒಂದೇ ಸಾಲು: "ಈ ವರ್ಷ ಆಗಲೇಬೇಕು." ಆದರೆ ಅಧಿಸೂಚನೆ, ಪರೀಕ್ಷೆಯ ದಿನ, ಫಲಿತಾಂಶ ಯಾವುದೂ ಅವರ ಕೈಯಲ್ಲಿಲ್ಲ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಲಿಖಿತ ಪರೀಕ್ಷೆ ಅಕ್ರಮದಿಂದಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ನಿಯತ್ತಿನಿಂದ ಓದಿದವರ ಎರಡು ವರ್ಷಕ್ಕೂ ಹೆಚ್ಚು ಕಾಲ ಹೀಗೆ ಹೋಯಿತು. ಇಂಥ ಕಡೆ ಫಲಿತಾಂಶವನ್ನೇ ಗುರಿಯಾಗಿ ಇಟ್ಟುಕೊಂಡರೆ ಪ್ರತಿ ಮುಂದೂಡಿಕೆಯೂ ತನ್ನದೇ ಸೋಲಿನಂತೆ ಕಾಣುತ್ತದೆ.

ಗುರಿ ಓದಿನ ಅಳತೆಯಲ್ಲಿರಲಿ. ಕ್ಲಾಸಿನಲ್ಲಿ ಕೂತ ಹೊತ್ತನ್ನು ಓದು ಎಂದು ಎಣಿಸಬೇಡಿ. ಸ್ವಂತ ಓದು ದಿನಕ್ಕೆ ಆರು ತಾಸು ಎಂದಿಟ್ಟುಕೊಂಡರೆ ಮೂರು ಹೊಸ ಪಾಠಕ್ಕೆ, ಒಂದೂವರೆ ಹಿಂದಿನದನ್ನು ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆಯಲು, ಒಂದೂವರೆ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಲು. ಬಹುಪಾಲು ಅಭ್ಯರ್ಥಿಗಳು ಆರೂ ತಾಸು ಗೆರೆ ಎಳೆಯುತ್ತ ಓದುತ್ತಾರೆ. ಓದಿದ್ದು ಪರಿಚಯವಾದಂತೆ ಅನಿಸುತ್ತದೆ, ಪರೀಕ್ಷೆಯಲ್ಲಿ ನಾಲ್ಕು ಆಯ್ಕೆ ಎದುರಾದಾಗ ಕೈಕೊಡುತ್ತದೆ. ವಾರಕ್ಕೊಂದು ಮಾದರಿ ಪರೀಕ್ಷೆ ಬರೆದು ಅಂಕದ ಜೊತೆಗೆ ತಪ್ಪಾದದ್ದು ಗೊತ್ತಿಲ್ಲದ್ದಕ್ಕೋ, ಪ್ರಶ್ನೆ ಅವಸರದಲ್ಲಿ ಓದಿದ್ದಕ್ಕೋ ಎಂದು ಗುರುತು ಹಾಕಿ.

ಇದಕ್ಕಿಂತ ಮುಖ್ಯವಾದದ್ದು ಮನೆಯವರ ಜೊತೆ ಒಂದು ಮಾತುಕತೆ. ಯಾವ ತಾರೀಖಿನವರೆಗೆ ಪೂರ್ತಿ ಓದು, ತಿಂಗಳ ರೂಮು ಬಾಡಿಗೆ ಮತ್ತು ಮೆಸ್ಸಿನ ಖರ್ಚು ಯಾರದು, ಆ ತಾರೀಖಿನ ಮೇಲೆ ಯಾವ ಕೆಲಸ, ಮುಂದುವರಿಯುತ್ತಿದ್ದೇನೆ ಎಂಬುದಕ್ಕೆ ಗುರುತೇನು. ಈ ನಾಲ್ಕನ್ನು ಅಪ್ಪ ಅವ್ವನ ಮುಂದೆ ಕೂತು ಬರೆದಿಡಿ. ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಯಲ್ಲಿ ಸಾಮಾನ್ಯ ವರ್ಗಕ್ಕೆ ಆರು, ಇತರ ಹಿಂದುಳಿದ ವರ್ಗಕ್ಕೆ ಒಂಬತ್ತು ಅವಕಾಶಗಳಿವೆ. ಅದು ನಿಯಮದ ಮಿತಿ, ನಿಮ್ಮ ಮನೆಯ ಮಿತಿ ಬೇರೆ ಇರಬಹುದು. ತಾರೀಖು ಇಡುವುದೆಂದರೆ ಅಪಶಕುನ ಎಂದು ಕೆಲವು ತಂದೆತಾಯಂದಿರು ಅಂಜುತ್ತಾರೆ. ಆದರೆ ತಾರೀಖು ಇಲ್ಲದ ಓದಿನಲ್ಲಿ "ಏನಾತಪಾ, ಯಾವಾಗ?" ಎಂಬ ಪ್ರಶ್ನೆ ದಿನಾ ಫೋನಿನಲ್ಲಿ ಬರುತ್ತದೆ, ಮಗ ಫೋನ್ ಎತ್ತುವುದನ್ನೇ ಬಿಡುತ್ತಾನೆ. ಕೇಳುವ ದಿನ ನಿಶ್ಚಯವಾಗಿದ್ದರೆ ಇಬ್ಬರಿಗೂ ಉಸಿರಾಟ ಸಲೀಸು.

ದುಡ್ಡಿನ ಗುರಿಗೆ ಕೈಹಾಕುವ ಮುನ್ನ ಸಾಲದ ಪಟ್ಟಿ ಮಾಡಿ. ಬಂಗಾರದ ಸಾಲ, ಸಂಘದ ಕಂತು, ಕೈಗಡ ಎಲ್ಲವೂ ಅದರಲ್ಲಿರಲಿ, ಬಡ್ಡಿ ದರದ ಸಮೇತ. ತಿಂಗಳಿಗೆ ನೂರಕ್ಕೆ ಮೂರರಂತೆ 50,000 ರೂಪಾಯಿ ಕೈಗಡ ತಂದಿದ್ದರೆ ವರ್ಷಕ್ಕೆ ಬಡ್ಡಿಯೇ 18,000. ಅದನ್ನು ಹಾಗೇ ಬಿಟ್ಟು ಅಂಚೆ ಕಚೇರಿಯಲ್ಲಿ ಆರ್‌ಡಿ (ತಿಂಗಳ ಕಂತಿನ ಉಳಿತಾಯ) ಶುರು ಮಾಡುವುದು ನಷ್ಟದ ಕೆಲಸ. ಮೊದಲ ಗುರಿ ಆ ಕೈಗಡ. ಅದು ತೀರಿದ ಮೇಲೆ, ತಿಂಗಳ ಪಗಾರದವರಿಗೆ ಅಂಚೆಯ ಐದು ವರ್ಷದ ಆರ್‌ಡಿ ಹೊಂದುತ್ತದೆ: ತಿಂಗಳಿಗೆ 2,000ದಂತೆ 60 ಕಂತು ಕಟ್ಟಿದರೆ ಅಸಲೇ 1,20,000. ಒಕ್ಕಲುತನದ ಮನೆಗೆ ತಿಂಗಳ ಕಂತು ಒಗ್ಗುವುದಿಲ್ಲ. ಅಲ್ಲಿ ದುಡ್ಡು ಬರುವುದು ಹೆಸರುಕಾಳು, ಗೋವಿನಜೋಳ ಮಾರಿದಾಗ, ಮತ್ತೆ ಹತ್ತಿ, ಕಡಲೆ, ಮೆಣಸಿನಕಾಯಿ ಮಾರಿದಾಗ. ನಡುವಿನ ತಿಂಗಳಲ್ಲಿ ಕಂತು ತಪ್ಪಿ ದಂಡ ಬೀಳುತ್ತದೆ. ಅವರಿಗೆ ವರ್ಷದಲ್ಲಿ ಅನುಕೂಲವಾದಾಗ ಕಟ್ಟಬಹುದಾದ ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ವಾಸಿ. ವರ್ಷಕ್ಕೆ ಕನಿಷ್ಠ 500, ಗರಿಷ್ಠ ಒಂದೂವರೆ ಲಕ್ಷ. ಆದರೆ ಅವಧಿ 15 ವರ್ಷ, ನಡುವೆ ತೆಗೆಯಲು ನಿರ್ಬಂಧಗಳಿವೆ. ಬಿತ್ತನೆಗೆ ಬೇಕಾಗುವ ದುಡ್ಡನ್ನು ಅಲ್ಲಿ ಇಡಬೇಡಿ. ದಲಾಲಿ ಅಂಗಡಿಯ ದುಡ್ಡು ಖಾತೆಗೆ ಬಂದ ದಿನವೇ ಹತ್ತರಲ್ಲಿ ಒಂದು ಪಾಲು ಬೇರೆ ಖಾತೆಗೆ ಹೋಗಬೇಕು, ಮರುದಿನಕ್ಕೆ ಬಿಟ್ಟರೆ ಉಳಿಯುವುದಿಲ್ಲ. ಕೂಡಿ ಉಳಿಸುವ ಬುದ್ಧಿ ಈ ನೆಲಕ್ಕೆ ಹೊಸದಲ್ಲ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಗದಗ ತಾಲ್ಲೂಕಿನ ಕಣಗಿನಹಾಳದಲ್ಲೇ.

ವರ್ಷ ಯಾವಾಗ ಶುರು ಮಾಡಬೇಕು ಎಂಬುದೂ ಯೋಚಿಸಬೇಕಾದ ಮಾತು. ಜನವರಿ 1 ನೌಕರದಾರರಿಗೆ ಸರಿ. ಬ್ಯಾಡಗಿ ಸೀಮೆಯಲ್ಲಿ ಆ ಹೊತ್ತಿಗೆ ಮೆಣಸಿನಕಾಯಿ ಬಿಡಿಸುವುದು, ಒಣಗಿಸುವುದು, ಮಾರುಕಟ್ಟೆಗೆ ಸಾಗಿಸುವುದರ ಗಡಿಬಿಡಿ. ಹೊಸ ರೂಢಿ ಹಚ್ಚಿಕೊಳ್ಳಲು ಅದಕ್ಕಿಂತ ಕೆಟ್ಟ ಸಮಯ ಇಲ್ಲ. ಅವರು ಯುಗಾದಿಯಿಂದ ಎಣಿಸಲಿ. ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿರುವ ಮನೆಯಲ್ಲಿ ಪರೀಕ್ಷೆ ಮುಗಿದ ನಂತರ.

ಶುರುವಾದ ಮೇಲೆ ಪ್ರತಿ ಭಾನುವಾರ ರಾತ್ರಿ 20 ನಿಮಿಷ ನೋಟ್‌ಬುಕ್ ತೆರೆಯಿರಿ. ಮೂರು ಅಂಕಣ: ಏನು ಮಾಡುತ್ತೇನೆ ಎಂದಿದ್ದೆ, ಏನು ಮಾಡಿದೆ, ಅಡ್ಡಿಯಾದದ್ದು ಏನು. ಮೂರನೆಯದರಲ್ಲಿ "ಆಲಸ್ಯ" ಎಂದು ಬರೆಯಲೇಬಾರದು, ಅದರಿಂದ ಮುಂದಿನ ವಾರಕ್ಕೆ ಏನೂ ಸಿಗುವುದಿಲ್ಲ. "ಬುಧವಾರ ರಾತ್ರಿ 12ರವರೆಗೆ ಮೊಬೈಲ್ ನೋಡಿದೆ, ಬೆಳಿಗ್ಗೆ ಎಚ್ಚರವಾಗಲಿಲ್ಲ" ಎಂದು ಬರೆದರೆ ಚಾರ್ಜರ್ ಬೇರೆ ಕೋಣೆಗೆ ಹೋಗಬೇಕು ಎಂಬುದು ತಾನೇ ಗೊತ್ತಾಗುತ್ತದೆ. ಒಂದೇ ಅಡ್ಡಿ ಎರಡು ವಾರ ಸತತ ಬಂದರೆ ಗುರಿಯ ಹೊತ್ತನ್ನೋ ಅಳತೆಯನ್ನೋ ಬದಲಿಸಿ. ಶಪಥ ಮಾಡಬೇಡಿ.

ದೊಡ್ಡ ಪರಿಶೀಲನೆಗೆ ಮರೆಯಲಾಗದ ದಿನಗಳು ನಮ್ಮ ಪಂಚಾಂಗದಲ್ಲೇ ಇವೆ: ಸಂಕ್ರಾಂತಿ, ಯುಗಾದಿ, ಕಾರಹುಣ್ಣಿಮೆ, ಸೀಗೆಹುಣ್ಣಿಮೆ. ಹಬ್ಬದ ಮರುದಿನ ಒಂದು ತಾಸು ಕೂತು ಸಾದಾ ಮಂಗಳವಾರದ ಆ ಪುಟ ಮತ್ತೆ ಓದಿ. ಗುರಿ ಈಗಲೂ ಅದರ ಕಡೆಗೇ ಹೋಗುತ್ತಿದೆಯೇ ನೋಡಿ. ಹೋಗುತ್ತಿದ್ದು ನಿಧಾನವಾಗಿದ್ದರೆ ಅಳತೆ ಅರ್ಧಕ್ಕೆ ಇಳಿಸಿ ಮುಂದುವರಿಸಿ. ಮನೆಯಲ್ಲಿ ಕಾಯಿಲೆ, ನೌಕರಿ ಬದಲಾವಣೆ, ಕೂಸು ಹುಟ್ಟಿದ್ದು ಇಂಥದ್ದೇನಾದರೂ ಆಗಿದ್ದರೆ 168 ಗಂಟೆಯ ಲೆಕ್ಕವನ್ನೇ ಹೊಸದಾಗಿ ಹಾಕಿ. ಸೀಗೆಹುಣ್ಣಿಮೆಯವರೆಗೂ ಒಂದು ಗುರಿಗೆ ನಿಶ್ಚಯಿಸಿದ ಗಂಟೆಗಳಲ್ಲಿ ಕಾಲು ಭಾಗವೂ ಹೋಗಿಲ್ಲವಾದರೆ ತಾರೀಖು ಹಾಕಿ, ಕಾರಣ ಬರೆದು, ಅದನ್ನು ಬಿಟ್ಟುಬಿಡಿ. ಬಿಟ್ಟದ್ದರಿಂದ ಉಳಿದ ಗಂಟೆಗಳನ್ನು ನಡೆಯುತ್ತಿರುವ ಗುರಿಗೆ ಸೇರಿಸಿ. ಮುಂದಿನ ವರ್ಷದ ಪಟ್ಟಿ ಮಾಡಲು ಕೂತಾಗ ಹೊಸ ಬಯಕೆಗಳಿಗಿಂತ ಮೊದಲು ಆ ಮೂರನೆಯ ಅಂಕಣವನ್ನು ಮೊದಲ ಪುಟದಿಂದ ಓದಿಕೊಂಡು ಬನ್ನಿ.