ಮೊದಲು ಬೆನ್ನು ನೋಡಿ: ಗಾಲೋ-ರೋಮನ್ ಗೋಡೆಚಿತ್ರಗಳನ್ನು ಓದುವ ಬಗೆ

ಗಾಲ್ ಅಂದರೆ ಹೆಚ್ಚುಕಡಿಮೆ ಇವತ್ತಿನ ಫ್ರಾನ್ಸ್. ರೋಮನ್ನರ ಆಳ್ವಿಕೆಯಲ್ಲಿ ಅಲ್ಲಿ ಬೆಳೆದ ಬೆರಕೆ ಬದುಕಿಗೆ ಗಾಲೋ-ರೋಮನ್ ಅನ್ನುತ್ತಾರೆ. ವಿಲ್ಲಾ ಅಂದರೆ ಈಜುಕೊಳದ ಬಂಗಲೆ ಅಂದುಕೊಳ್ಳಬೇಡಿ. ಅದು ಹೊಲ, ಕಣಜ, ಕೊಟ್ಟಿಗೆ, ಆಳುಗಳ ಕೋಣೆ ಎಲ್ಲ ಸೇರಿದ ಜಮೀನ್ದಾರರ ಮನೆ. ಒಳ್ಳೆ ಚಿತ್ರಗಳು ಸಿಗುವುದು ಸಾಮಾನ್ಯವಾಗಿ ಯಜಮಾನರ ಭಾಗದಲ್ಲಿ. ಪೇಟೆ ಮನೆಗೆ ದೋಮುಸ್ ಅನ್ನುವ ಬೇರೆ ಹೆಸರಿದೆ. ಪರೀಕ್ಷೆಯಲ್ಲಿ ಇವೆರಡನ್ನು ಕಲಸಬೇಡಿ.

ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಇಟಲಿಯ ಪಾಂಪೇ ಊರಿನಲ್ಲಿ ಗೋಡೆ ನಿಂತಿದೆ, ಹೋಗಿ ನೋಡಬಹುದು. ಗಾಲ್‌ನಲ್ಲಿ ಆ ಭಾಗ್ಯ ಕಡಿಮೆ. ಅಲ್ಲಿ ಎಷ್ಟೋ ಮನೆಗಳಿಗೆ ಕಲ್ಲಿನ ಪಾಯ, ಅದರ ಮೇಲೆ ಮಣ್ಣಿನ ಗೋಡೆ. ಚಾವಣಿ ಹೋದಮೇಲೆ ಮಳೆಗೆ ಮಣ್ಣು ನೆನೆದು, ಗಾರೆ ಹಪ್ಪಳದ ಹಾಗೆ ಕಳಚಿ ಬೀಳುತ್ತದೆ. ಅಗೆದಾಗ ಸಿಗುವುದು ಚೂರು. ಬುಟ್ಟಿಗಟ್ಟಲೆ ಚೂರು.

ಚೂರು ಕೈಗೆ ಬಂದರೆ ನಾವು ಬಣ್ಣ ನೋಡುತ್ತೇವೆ, ಅಲ್ವಾ? ಬಲ್ಲವರು ತಿರುಗಿಸಿ ಬೆನ್ನು ನೋಡುತ್ತಾರೆ. ಗಾರೆ ಕಚ್ಚಿಕೊಳ್ಳಲಿ ಅಂತ ಮಣ್ಣಿನ ಗೋಡೆಗೆ ಮೀನಿನ ಮುಳ್ಳಿನ ಹಾಗೆ ಓರೆಗೆರೆ ಕೊರೆಯುತ್ತಿದ್ದರು. ಅದರ ಅಚ್ಚು ಚೂರಿನ ಬೆನ್ನಲ್ಲಿ ಉಬ್ಬಾಗಿ ಉಳಿದಿರುತ್ತದೆ. ಅಂದರೆ ಮಣ್ಣೆಲ್ಲ ಕರಗಿಹೋದರೂ ಅಲ್ಲಿ ಮಣ್ಣಿನ ಗೋಡೆ ಇತ್ತು ಅಂತ ಗೊತ್ತಾಯಿತು. ಬೆನ್ನಲ್ಲಿ ಜೊಂಡಿನ ಕಡ್ಡಿಗಳ ಗುರುತು ಸಾಲಾಗಿದ್ದರೆ ಅದು ಹೆಚ್ಚಾಗಿ ಒಳಚಾವಣಿಯ ಚೂರು. ನನಗೆ ಈ ವಿಷಯದಲ್ಲಿ ಅತಿ ಇಷ್ಟವಾದ ಭಾಗ ಇದೇ.

ಆಮೇಲೆ ಅಂಚು. ಎಷ್ಟು ಪದರ, ಯಾವ ಮರಳು, ಎಷ್ಟು ದಪ್ಪ ಅನ್ನುವುದು ಅಲ್ಲಿ ಕಾಣುತ್ತದೆ. ರೋಮನ್ ವಾಸ್ತುಶಿಲ್ಪಿ ವಿಟ್ರುವಿಯಸ್ ಬರೆದ ಲೆಕ್ಕ ಮರಳಿನ ಗಾರೆ ಮೂರು ಪದರ, ಅಮೃತಶಿಲೆಯ ಪುಡಿ ಸೇರಿಸಿದ್ದು ಇನ್ನೂ ಮೂರು. ಗಾಲ್‌ನಲ್ಲಿ ಎರಡು ಮೂರು ಪದರಕ್ಕೇ ಮುಗಿಸಿದ್ದು ಜಾಸ್ತಿ. ಒಂದೇ ಬಗೆಯ ಪದರ ಇರುವ ಚೂರುಗಳನ್ನು ಒಂದು ಗುಂಪು ಮಾಡಿ, ಮರಳು ಹಾಸಿದ ತಟ್ಟೆಯಲ್ಲಿಟ್ಟು ಜೋಡಿಸುತ್ತಾರೆ.

ಕೊನೆಗೆ ಮುಖ. ಸುಣ್ಣದ ಗಾರೆ ಹಸಿಯಿರುವಾಗಲೇ ಬಣ್ಣ ಹಚ್ಚಿದರೆ, ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಸುಣ್ಣಕಲ್ಲಾಗುವಾಗ ಬಣ್ಣವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಇದೇ ಫ್ರೆಸ್ಕೊ. ಓರೆ ಬೆಳಕಿನಲ್ಲಿ ಹಿಡಿದರೆ, ಬಡಗಿ ದಾರ ಮೀಟಿ ಗೆರೆ ಹಾಕುವ ಹಾಗೆ ಹಸಿ ಗಾರೆಗೆ ದಾರ ಒತ್ತಿದ ಗುರುತು, ಕೈವಾರ ಊರಿದ ತೂತು ಕಾಣಬಹುದು.

ಬಣ್ಣದಲ್ಲಿ ದುಡ್ಡಿನ ಕಥೆಯೂ ಇದೆ. ಕೆಮ್ಮಣ್ಣು ಅಗ್ಗ, ಇಂಗಳೀಕದ (ಪಾದರಸದ ಅದಿರಿನ) ಕೆಂಪು ದುಬಾರಿ. ದುಬಾರಿ ಬಣ್ಣಗಳನ್ನು ಮನೆ ಯಜಮಾನನೇ ತಂದುಕೊಡಬೇಕಿತ್ತು ಅನ್ನುತ್ತಾನೆ ರೋಮನ್ ಲೇಖಕ ಪ್ಲೀನಿ. ಆ ಪಟ್ಟಿಯಲ್ಲಿ ‘ಇಂಡಿಕಂ’ ಕೂಡ ಇದೆ, ಇಂಡಿಯಾದ ನೀಲಿ! ಇಂಗಳೀಕಕ್ಕೆ ಬಿಸಿಲು ಆಗದು. ಫಾಬೆರಿಯಸ್ ಎಂಬ ಗುಮಾಸ್ತ ರೋಮಿನ ತನ್ನ ಮನೆಯ ಕಂಬಸಾಲಿನ ಅಂಗಳದ ಗೋಡೆಗೆಲ್ಲ ಅದನ್ನೇ ಬಳಿಸಿದ. 30 ದಿನಕ್ಕೆ ಬಣ್ಣ ಕೆಟ್ಟು ಕಲೆಕಲೆಯಾಯಿತು ಅಂತ ವಿಟ್ರುವಿಯಸ್ ಬರೆದಿದ್ದಾನೆ. ಮೇಲೆ ಮೇಣ ಸವರಿ ಅನ್ನುವುದು ಅವನ ಸಲಹೆ.

ಇನ್ನು ಒಂದು ಉದಾಹರಣೆ, ದಕ್ಷಿಣ ಫ್ರಾನ್ಸಿನ ಆರ್ಲ್ ಊರಿನದು. ಇದು ವಿಲ್ಲಾ ಅಲ್ಲ, ದೋಮುಸ್. ರೋನ್ ನದಿಯ ಬಲದಂಡೆಯ ಹಳೆ ಗಾಜಿನ ಕಾರ್ಖಾನೆಯ ಜಾಗದಲ್ಲಿ ಸಿಕ್ಕಿತು. ಅಲ್ಲಿನ ಚೂರುಗಳು ಸುಮಾರು 800 ಪೆಟ್ಟಿಗೆ ತುಂಬಿದವು. ಜೋಡಿಸುತ್ತಾ ಹೋದಾಗ ಕಡುಕೆಂಪು ಹಿನ್ನೆಲೆಯಲ್ಲಿ ಹಾರ್ಪ್ ಎಂಬ ತಂತಿವಾದ್ಯ ನುಡಿಸುವ ಹೆಣ್ಣು ಕಾಣಿಸಿಕೊಂಡಳು. ಹಾಗಾಗಿ ಅದಕ್ಕೆ ಹಾರ್ಪ್ ವಾದಕಿಯ ಮನೆ ಅಂತಲೇ ಹೆಸರು.

ಇಲ್ಲಿ ಇಸವಿ ಮುಖ್ಯ. ಚಿತ್ರಗಳು ಕ್ರಿ.ಪೂ. 70ರಿಂದ 50ರ ನಡುವಿನವು, ಪಾಂಪೇಯ ಎರಡನೇ ಶೈಲಿಯವು, ಅಂದರೆ ಗೋಡೆಯ ಮೇಲೆ ಕಂಬ, ಕಟ್ಟಡ ನಿಜಕ್ಕೂ ಇರುವ ಹಾಗೆ ಬಿಡಿಸುವ ಬಗೆ. ಆರ್ಲ್ ರೋಮನ್ ವಸಾಹತು ಆದದ್ದು ಕ್ರಿ.ಪೂ. 46ರಲ್ಲಿ. ಅಂದರೆ ಇಟಲಿಯ ಫ್ಯಾಷನ್ ಅದಕ್ಕೂ ಮುಂಚೆಯೇ ಊರು ಸೇರಿತ್ತು. ಚಿತ್ರ ಬರೆದವರು ಇಟಲಿಯಿಂದ ಬಂದ ಕಸುಬುದಾರರೇ ಇರಬೇಕು.

ನಿಮ್ಮ ಕಡೆ ಯಾವುದಾದರೂ ಹಳೆ ಗಾರೆ ಮನೆ ಕೆಡವುತ್ತಿದ್ದರೆ ಮಾಲೀಕರನ್ನು ಕೇಳಿ ಒಂದು ಚೂರು ತನ್ನಿ. ತಿರುಗಿಸಿ. ಅದರ ಬೆನ್ನಲ್ಲಿ ಏನಿದೆ?