ಶುಗರ್ ‘ಹರಡುವುದಿಲ್ಲ’ ಸ್ವಾಮಿ: ಪ್ರಿವಲೆನ್ಸ್ ಅಂದ್ರೆ ಏನು?

‘ಮಧುಮೇಹದ ಹರಡುವಿಕೆ ಹೆಚ್ಚಳ’. ನವೆಂಬರ್ 14ರ ವಿಶ್ವ ಮಧುಮೇಹ ದಿನ ಹತ್ತಿರ ಬಂತೆಂದರೆ ಇಂಥ ತಲೆಬರಹ ಎಲ್ಲಾದರೂ ಕಣ್ಣಿಗೆ ಬೀಳಲೇಬೇಕು. ಮೊನ್ನೆ ಓದಿದ ಸುದ್ದಿಯಲ್ಲಂತೂ ಇನ್ನೊಂದು ಹೆಜ್ಜೆ ಮುಂದೆ ಹೋಗಿ ‘ಮಧುಮೇಹ ಸೋಂಕಿತರು’ ಅಂತಲೇ ಬರೆದಿದ್ದರು. ಸಾಕಪ್ಪಾ ಅನ್ನಿಸಿತು.

ಇದು ಹೇಗಾಗುತ್ತದೆ ಅಂತ ಊಹಿಸುವುದು ಕಷ್ಟವಲ್ಲ. ಸುದ್ದಿಸಂಸ್ಥೆಯಿಂದ ಬಂದ ಇಂಗ್ಲಿಷ್ ಕಾಪಿಯಲ್ಲಿ ‘ಪ್ರಿವಲೆನ್ಸ್’ ಅಂತಿರುತ್ತದೆ. ಪುಟ ಬಿಡುವ ಹೊತ್ತು. ಡೆಸ್ಕಿನಲ್ಲಿ ಕೂತವರಿಗೆ ತಟ್ಟನೆ ಹೊಳೆಯುವುದು ‘ಹರಡುವಿಕೆ’. ಆದರೆ ಕನ್ನಡದಲ್ಲಿ ‘ಹರಡು’ ಅಂದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟುವುದು. ಬೆಂಕಿ ಹರಡುತ್ತದೆ, ಗಾಳಿಸುದ್ದಿ ಹರಡುತ್ತದೆ, ಡೆಂಗಿ ಹರಡುತ್ತದೆ. ಸಕ್ಕರೆ ಕಾಯಿಲೆ ಯಾರಿಂದ ಯಾರಿಗೂ ದಾಟುವುದಿಲ್ಲ. ಮನೆತನದಲ್ಲಿದ್ದರೆ ಬರುವ ಸಾಧ್ಯತೆ ಜಾಸ್ತಿ, ನಿಜ. ಅದಕ್ಕೆ ಯಾರೂ ಹರಡಿತು ಅನ್ನುವುದಿಲ್ಲ, ಅಲ್ವಾ?

ಪ್ರಿವಲೆನ್ಸ್ ಅಂದರೆ ಇಷ್ಟೇ: ಈ ಹೊತ್ತಿಗೆ ನೂರು ಜನರಲ್ಲಿ ಎಷ್ಟು ಜನರಿಗೆ ಕಾಯಿಲೆ ಇದೆ. ಇದರ ಜೋಡಿ ಪದ ಇನ್ಸಿಡೆನ್ಸ್. ಕಾಯಿಲೆ ಇಲ್ಲದವರಲ್ಲಿ ಒಂದು ವರ್ಷದೊಳಗೆ ಎಷ್ಟು ಜನರಿಗೆ ಹೊಸದಾಗಿ ಬಂತು ಎನ್ನುವ ಲೆಕ್ಕ ಅದು. ಎರಡೂ ಲ್ಯಾಟಿನ್ ಮೂಲದವು. ಇನ್ಸಿಡೆನ್ಸ್‌ನ ಹಿಂದಿರುವ ‘ಇನ್ಸಿಡೆರೆ’ಗೆ ‘ಮೇಲೆ ಬೀಳು’ ಎಂಬ ಅರ್ಥ. ನಮ್ಮ ‘ಬಂದೆರಗು’ ಇದ್ದ ಹಾಗೆ. ಪ್ರಿವಲೆನ್ಸ್‌ನ ಹಿಂದಿರುವುದು ‘ಪ್ರೇವಲೇರೆ’, ಅಂದರೆ ಮೇಲುಗೈ ಆಗು, ಬಲವಾಗಿರು. ಅದರೊಳಗಿನ ‘ವಲೇರೆ’ಯಿಂದಲೇ ವ್ಯಾಲ್ಯೂ, ವ್ಯಾಲಿಡ್ ಎಲ್ಲ ಬಂದವು. ಎರಡರಲ್ಲೂ ಹರಡುವ ಮಾತೇ ಇಲ್ಲ ನೋಡಿ. ಒಂದರಲ್ಲಿ ಎರಗುವುದು, ಇನ್ನೊಂದರಲ್ಲಿ ಗಟ್ಟಿಯಾಗಿ ಕೂರುವುದು.

ಹಾಗೆ ನೋಡಿದರೆ ಲ್ಯಾಟಿನ್ನಿನ ತನಕ ಹೋಗುವುದೂ ಬೇಕಿಲ್ಲ. ಡಾಕ್ಟರು ಚೀಟಿ ಬರೆಯುವ ಮುಂಚೆ ‘ಬಿಪಿ, ಶುಗರ್ ಏನಾದ್ರೂ ಇದೆಯಾ?’ ಅಂತ ಕೇಳುತ್ತಾರೆ. ಅದು ಪ್ರಿವಲೆನ್ಸ್. ‘ಇದೆ’ ಅಂದರೆ ‘ಯಾವಾಗ ಬಂತು?’ ಅನ್ನುತ್ತಾರೆ. ಅದು ಇನ್ಸಿಡೆನ್ಸ್. ‘ಇರುವುದು’, ‘ಬರುವುದು’ ಎಂಬ ಎರಡು ಕ್ರಿಯಾಪದ ನಮ್ಮಲ್ಲೇ ಇರುವಾಗ ‘ಹರಡುವಿಕೆ’ ಯಾಕೆ? 2020ರಲ್ಲಿ ದಿನಾ ಸಂಜೆ ಕೋವಿಡ್ ಬುಲೆಟಿನ್ ಓದಿದ ಜನ ನಾವು. ‘ಹೊಸ ಪ್ರಕರಣ’ ಬೇರೆ, ‘ಸಕ್ರಿಯ ಪ್ರಕರಣ’ ಬೇರೆ ಅಂತ ಆಗ ಯಾರಿಗೂ ಪಾಠ ಮಾಡಬೇಕಾಗಿರಲಿಲ್ಲ.

ಪದ ತಪ್ಪಿದರೆ ಹೋಗಲಿ ಅನ್ನಬಹುದು. ಲೆಕ್ಕವೂ ತಪ್ಪುತ್ತದೆ, ನನ್ನ ತಕರಾರು ಅದು. ಬಸ್ಸಿನಲ್ಲಿ ಎಷ್ಟು ಜನ ಇದ್ದಾರೆ ಅನ್ನುವುದು ಈ ಸ್ಟಾಪಿನಲ್ಲಿ ಎಷ್ಟು ಜನ ಹತ್ತಿದರು ಅನ್ನುವುದರಿಂದ ಮಾತ್ರ ಗೊತ್ತಾಗುವುದಿಲ್ಲ, ಎಷ್ಟು ಜನ ಇಳಿದರು ಅಂತಲೂ ನೋಡಬೇಕು. ಸಕ್ಕರೆ ಕಾಯಿಲೆಯ ಬಸ್ಸಿನಿಂದ ಇಳಿಯುವವರು ಕಡಿಮೆ. ಚಿಕಿತ್ಸೆ ಚೆನ್ನಾಗಿದ್ದು ಜನ ಹೆಚ್ಚು ವರ್ಷ ಬದುಕಿದರೆ, ಹತ್ತುವವರು ಕಡಿಮೆಯಾದರೂ ಬಸ್ಸು ತುಂಬುತ್ತಲೇ ಹೋಗುತ್ತದೆ. ಅಮೆರಿಕದಲ್ಲಿ ಆಗಿದ್ದೂ ಇದೇ. 2009ರಿಂದಾಚೆ ಸುಮಾರು ಹತ್ತು ವರ್ಷ ವಯಸ್ಕರಲ್ಲಿ ಹೊಸದಾಗಿ ಪತ್ತೆಯಾಗುವವರ ಪ್ರಮಾಣ ಇಳಿಯಿತು, ಕಾಯಿಲೆ ಇರುವವರ ಒಟ್ಟು ಸಂಖ್ಯೆ ಏರಿತು. ಎಚ್‌ಐವಿಯಲ್ಲೂ ಹಾಗೇ, ಒಳ್ಳೆಯ ಔಷಧಿ ಬಂದ ಮೇಲೆ ಎಚ್‌ಐವಿ ಜೊತೆ ಬದುಕುತ್ತಿರುವವರ ಸಂಖ್ಯೆ ಹೆಚ್ಚಾಯಿತು. ಇದನ್ನು ಕೆಟ್ಟ ಸುದ್ದಿ ಅಂತ ಬರೆಯೋಕಾಗುತ್ತಾ?

ನಮ್ಮಲ್ಲಿ ಇದು ತೀರಾ ಹದಗೆಟ್ಟಿದ್ದು 2023ರ ಜೂನ್‌ನಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ದೇಶವ್ಯಾಪಿ ಮಧುಮೇಹ ಸಮೀಕ್ಷೆ ‘ಇಂಡಿಯಾಬ್’ನ ಅಧ್ಯಯನ ಲ್ಯಾನ್ಸೆಟ್ ಬಳಗದ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ದೇಶದಲ್ಲಿ ಶೇ 11.4ರಷ್ಟು ವಯಸ್ಕರಿಗೆ, ಅಂದರೆ 10.1 ಕೋಟಿ ಜನರಿಗೆ ಮಧುಮೇಹ. ಗೋವಾದಲ್ಲಿ ಶೇ 26.4, ಉತ್ತರ ಪ್ರದೇಶದಲ್ಲಿ ಶೇ 4.8. ಮಾಧ್ಯಮಗಳು ಏನು ಮಾಡಿದವು? 2019ರಲ್ಲಿ 7 ಕೋಟಿ ಇತ್ತು, ಈಗ 10.1 ಕೋಟಿ, ನಾಲ್ಕೇ ವರ್ಷದಲ್ಲಿ ಶೇ 44 ಏರಿಕೆ ಅಂತ ಬರೆದವು. ಆ 7 ಕೋಟಿ ಬೇರೆ ಲೆಕ್ಕಾಚಾರದ್ದು. ಇಂಡಿಯಾಬ್ ಸಮೀಕ್ಷೆಯೇ 2008ರಿಂದ 2020ರವರೆಗೆ ಹಂತಹಂತವಾಗಿ, 1.13 ಲಕ್ಷ ಜನರನ್ನು ಪರೀಕ್ಷಿಸಿ ನಡೆದದ್ದು. ತಮಿಳುನಾಡು, ಮಹಾರಾಷ್ಟ್ರಗಳ ರಕ್ತಪರೀಕ್ಷೆ ಮೊದಲ ಹಂತದಲ್ಲೇ ಆಗಿತ್ತು. ಹನ್ನೆರಡು ವರ್ಷ ಸುತ್ತಾಡಿ ಸೇರಿಸಿದ ಲೆಕ್ಕದಿಂದ ನಾಲ್ಕು ವರ್ಷದ ಏರಿಕೆಯನ್ನು ಹೇಗೆ ತೆಗೆದರೋ!

ಇನ್ನೊಂದು ತಮಾಷೆ ಇದೆ. ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟದ ಅಂದಾಜಿನಲ್ಲಿ ಭಾರತಕ್ಕೆ 2019ರಲ್ಲಿ 7.7 ಕೋಟಿ, 2021ರಲ್ಲಿ 7.4 ಕೋಟಿ. ಅದೇ ತರ್ಕ ಹಿಡಿದರೆ ಎರಡು ವರ್ಷದಲ್ಲಿ ಮೂವತ್ತು ಲಕ್ಷದಷ್ಟು ಜನರಿಗೆ ಶುಗರ್ ಹೋಯಿತು ಅಂತ ಬರೆಯಬೇಕಿತ್ತು. ಅಂಥ ತಲೆಬರಹ ನನ್ನ ಕಣ್ಣಿಗಂತೂ ಬೀಳಲಿಲ್ಲ. 2024ರ ನವೆಂಬರ್‌ನಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಜಾಗತಿಕ ಅಧ್ಯಯನ ಭಾರತಕ್ಕೆ 21.2 ಕೋಟಿ ಅಂದಿತು. ಒಮ್ಮೆಗೇ ದುಪ್ಪಟ್ಟು! ಅಷ್ಟು ವ್ಯತ್ಯಾಸಕ್ಕೆ ಒಂದು ದೊಡ್ಡ ಕಾರಣ ಅಳತೆಗೋಲು. ಖಾಲಿ ಹೊಟ್ಟೆಯ ಶುಗರ್ ಅಥವಾ ಕಳೆದ ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ, ಎರಡರಲ್ಲಿ ಒಂದು ಮಿತಿ ದಾಟಿದರೂ ಆ ಅಧ್ಯಯನದಲ್ಲಿ ಲೆಕ್ಕಕ್ಕೆ ಸೇರುತ್ತೀರಿ. ಇಂಡಿಯಾಬ್‌ನಲ್ಲಿ ಖಾಲಿ ಹೊಟ್ಟೆಯ ಪರೀಕ್ಷೆ ಮತ್ತು ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ಮಾಡುವ ಪರೀಕ್ಷೆ. ರಕ್ತಹೀನತೆ ಇದ್ದವರಲ್ಲಿ ಎಚ್‌ಬಿಎ1ಸಿ ಹೆಚ್ಚುಕಡಿಮೆ ತೋರಿಸಬಹುದು, ನಮ್ಮಲ್ಲಿ ಅದೇನು ಅಪರೂಪವೇ? ಯಾವ ಪರೀಕ್ಷೆ ಅಂತ ಒಂದು ಸಾಲು ಬರೆದಿದ್ದರೂ ಓದುಗ ಗಾಬರಿಯಾಗುತ್ತಿರಲಿಲ್ಲ.

ಶಿಬಿರದ ಸುದ್ದಿಗಳದ್ದು ಇನ್ನೊಂದು ಕಥೆ. ಉಚಿತ ತಪಾಸಣೆಗೆ ಬರುವವರಲ್ಲಿ ಮೊದಲೇ ಅನುಮಾನ ಇದ್ದವರು, ವಯಸ್ಸಾದವರು ಜಾಸ್ತಿ. ಬೆರಳು ಚುಚ್ಚಿ ನೋಡಿದ ಅಲ್ಲಿನ ಲೆಕ್ಕವನ್ನು ಇಡೀ ತಾಲ್ಲೂಕಿಗೆ ಹಚ್ಚುವ ಹಾಗಿಲ್ಲ.

‘ಪತ್ತೆ’ ಎಂಬ ಪದವನ್ನೂ ಸ್ವಲ್ಪ ಗಮನಿಸಬೇಕು. ರಾಜ್ಯದ ‘ಗೃಹ ಆರೋಗ್ಯ’ ಯೋಜನೆ 2024ರಲ್ಲಿ ಕೋಲಾರದಲ್ಲಿ ಶುರುವಾಯಿತು. ಮನೆ ಬಾಗಿಲಿಗೇ ಬಂದು 30 ದಾಟಿದವರ ಬಿಪಿ, ಶುಗರ್ ನೋಡುವ ಕೆಲಸ ಅದು. ಹೀಗೆ ಹುಡುಕಿಕೊಂಡು ಹೋದ ಕಡೆಯೆಲ್ಲ ಪತ್ತೆಯಾದವರ ಸಂಖ್ಯೆ ಏರುತ್ತದೆ, ಏರಲೇಬೇಕು. ‘ಹೊಸದಾಗಿ ಪತ್ತೆ’ ಅಂದ ಮಾತ್ರಕ್ಕೆ ಕಾಯಿಲೆ ಹೊಸದಲ್ಲ. ಅವರಲ್ಲಿ ಎಷ್ಟೋ ಜನರಿಗೆ ಕಾಯಿಲೆ ವರ್ಷಗಳಿಂದ ಇದ್ದೇ ಇರುತ್ತದೆ, ಗೊತ್ತಾಗಿರುವುದಿಲ್ಲ ಅಷ್ಟೇ. ಮಾತ್ರೆ ಸಿಕ್ಕಿ ಅವರು ಇನ್ನಷ್ಟು ವರ್ಷ ಚೆನ್ನಾಗಿ ಬದುಕಿದರೆ ಪ್ರಿವಲೆನ್ಸ್ ಮತ್ತೆ ಏರುತ್ತದೆ.