ತಂಪಾದರೆ ಇಳಿಯಿತೆಂದಲ್ಲ

ಮಂಡಿಗೆ ನೋವಿನ ಜೆಲ್ ಹಚ್ಚಿದ ಮರುಕ್ಷಣವೇ ‘ಆಹಾ, ಒಳಗೆ ಇಳಿಯುತ್ತಿದೆ’ ಎನ್ನುವವರನ್ನು ಕಂಡರೆ ನನಗೆ ಸುಮ್ಮನಿರಲಾಗುವುದಿಲ್ಲ. ಟ್ಯೂಬಿನ ಬೆನ್ನಿನ ಸಣ್ಣಕ್ಷರ ಓದಿ. ನಮ್ಮಲ್ಲಿ ಮಾರುವ ಹಲವು ಜೆಲ್‌ಗಳಲ್ಲಿ ನೋವು ಇಳಿಸುವ ಡೈಕ್ಲೋಫೆನಾಕ್ ಡೈಇಥೈಲಮೀನ್ ಶೇ. 1.16, ಮೆಂಥಾಲ್ ಶೇ. 5. ಆ ತಂಪು ಮೆಂಥಾಲಿನದು. ನರತುದಿಯಲ್ಲಿ ಚಳಿ ಗುರುತಿಸುವ ಟಿಆರ್‌ಪಿಎಂ8 ಎಂಬ ಪ್ರೋಟೀನನ್ನು ಅದು ಕೆಣಕುತ್ತದೆ, ಮಿದುಳು ಮೋಸ ಹೋಗುತ್ತದೆ. ನಿಜವಾದ ಔಷಧ ಇನ್ನೂ ಬಾಗಿಲಲ್ಲೇ ನಿಂತಿರುತ್ತದೆ.

ಬಾಗಿಲೆಂದರೆ ಚರ್ಮದ ಮೇಲಿನ ಸತ್ತ ಕೋಶಗಳ ಪದರ. ದಪ್ಪ ಹತ್ತಿಪ್ಪತ್ತು ಮೈಕ್ರೋಮೀಟರ್, ಅಂದರೆ ನೋಟ್‌ಬುಕ್ಕಿನ ಹಾಳೆಗಿಂತ ಎಷ್ಟೋ ತೆಳು. ಕೋಶಗಳ ಸಂದಿಯಲ್ಲಿ ಕೊಬ್ಬು ಮೆತ್ತಿದೆ. ಕೊಬ್ಬನ್ನು ಒಲಿಯುವ ಔಷಧವೇ ಅಲ್ಲಿ ದಾಟಬಲ್ಲದು. ಅಂಥದ್ದಕ್ಕೆ ನೀರು ಒಗ್ಗುವುದಿಲ್ಲ: ಶುದ್ಧ ಡೈಕ್ಲೋಫೆನಾಕ್ ಆಮ್ಲ ಒಂದು ಲೀಟರ್ ನೀರಿನಲ್ಲಿ ಕರಗುವುದು ಕೆಲವೇ ಮಿಲಿಗ್ರಾಂ. ಜೆಲ್ ಎಂಬುದೋ ಮುಕ್ಕಾಲುಪಾಲು ನೀರು! ಅದಕ್ಕೇ ಅದನ್ನು ಲವಣವಾಗಿಸುತ್ತಾರೆ, ಪ್ರೊಪಿಲೀನ್ ಗ್ಲೈಕಾಲ್, ಆಲ್ಕೊಹಾಲ್‌ನಂಥ ದ್ರಾವಕ ಬೆರೆಸುತ್ತಾರೆ.

ಹಾಗಾದರೆ ಔಷಧ ಚೆನ್ನಾಗಿ ಕರಗುವ ದ್ರಾವಕವನ್ನೇ ಧಾರಾಳವಾಗಿ ಸುರಿದರಾಯಿತಲ್ಲ? ಇಲ್ಲಿಯೇ ಇರುವುದು ಸ್ವಾರಸ್ಯ. ಮಾವನ ಮನೆಯಲ್ಲಿ ಹೋಳಿಗೆ, ತುಪ್ಪ, ಮೆತ್ತನೆ ಹಾಸಿಗೆ ಸಿಕ್ಕ ಅಳಿಯ ಊರಿಗೆ ಹೊರಡುತ್ತಾನೆಯೇ? ದ್ರಾವಕ ಹಿತವಾದಷ್ಟೂ ಔಷಧ ಅಲ್ಲೇ ಕಾಲು ಚಾಚುತ್ತದೆ. ಚರ್ಮಕ್ಕೆ ನೂಕುವುದು ಔಷಧದ ಪ್ರಮಾಣವಲ್ಲ, ಅದರ ಚಡಪಡಿಕೆ. ಕಾಲಿಡಲು ಜಾಗವಿಲ್ಲದ ಸಂತೆಯ ಬಸ್ಸಿನಿಂದ ಜನ ಬಾಗಿಲು ತೆರೆದೊಡನೆ ಉದುರುವಂತೆ, ಪರ್ಯಾಪ್ತ ದ್ರಾವಣದಿಂದ, ಅಂದರೆ ಇನ್ನು ಕರಗಿಸಿಕೊಳ್ಳಲಾರದಷ್ಟು ಔಷಧ ತುಂಬಿದ ದ್ರಾವಣದಿಂದ, ಅಣುಗಳು ಚರ್ಮದತ್ತ ಹೊರಡುತ್ತವೆ. ಇದನ್ನು 1960ರಲ್ಲೇ ಲೆಕ್ಕಬದ್ಧವಾಗಿ ವಿವರಿಸಿದವರು ಅಮೆರಿಕದ ಔಷಧ ವಿಜ್ಞಾನಿ ಟಾಕೆರು ಹಿಗುಚಿ. ಚರ್ಮದ ಮೇಲೆ ಆಲ್ಕೊಹಾಲ್ ಆರಿದಂತೆ ಬಸ್ಸು ಇನ್ನಷ್ಟು ಕಿರಿದಾಗುತ್ತದೆ. ಆದರೆ ಅತಿಯಾದರೆ ಏರಿದ ಪಾಕ ಹರಳುಗಟ್ಟಿದಂತೆ ಔಷಧವೂ ಹರಳಾಗಿಬಿಡುತ್ತದೆ. ಹರಳು ಚರ್ಮ ದಾಟುವುದಿಲ್ಲ. ಜೆಲ್ ರೂಪಿಸುವವರ ನಿದ್ದೆ ಕೆಡಿಸುವುದು ಈ ಅಂಚೇ.

(ಇದೇ ಡೈಕ್ಲೋಫೆನಾಕ್ ದನಗಳಿಗೆ ಚುಚ್ಚಿದ್ದರಿಂದ, ಆ ದನಗಳ ಹೆಣ ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ಸಂತತಿಯೇ ಕುಸಿಯಿತು, 2006ರಲ್ಲಿ ಭಾರತ ಅದರ ಪಶುಬಳಕೆ ನಿಷೇಧಿಸಿತು. ರಾಮನಗರದ ರಾಮದೇವರ ಬೆಟ್ಟದಲ್ಲಿ ಹದ್ದು ಕಂಡಾಗಲೆಲ್ಲ ನನಗೆ ಈ ಟ್ಯೂಬು ನೆನಪಾಗುತ್ತದೆ.)

ಇನ್ನು ಜೆಲ್‌ನ ಮೈ. ಅದಕ್ಕೆ ಗಟ್ಟಿತನ ಕೊಡುವ ಕಾರ್ಬೊಮರ್ ಎಂಬ ಬಿಳಿ ಪುಡಿಯನ್ನು ನೀರಿಗೆ ಹಾಕಿದರೆ ಸಿಗುವುದು ತೆಳ್ಳನೆಯ ಹುಳಿ ದ್ರವ. ನಾಲ್ಕು ಹನಿ ಟ್ರೈಇಥನಾಲಮೀನ್ ಎಂಬ ಕ್ಷಾರ ಬೀಳಲಿ, ಮುದುಡಿದ್ದ ಕಾರ್ಬೊಮರ್ ಅಣುವಿನ ಸರಪಳಿಗಳು ಋಣ ವಿದ್ಯುದಂಶ ಪಡೆದು ಒಂದನ್ನೊಂದು ತಳ್ಳುತ್ತ ಹರಡಿಕೊಳ್ಳುತ್ತವೆ, ಕಲಕುತ್ತಿದ್ದ ಕಡ್ಡಿ ಗಪ್ಪನೆ ಭಾರವಾಗುತ್ತದೆ. ಮನೆಯಲ್ಲಿ ಕಾರ್ಬೊಮರ್ ಇರುವ ಕೂದಲ ಜೆಲ್ ಇದ್ದರೆ ಒಂದು ಚಮಚದ ಮೇಲೆ ಚಿಟಿಕೆ ಉಪ್ಪು ಉದುರಿಸಿ. ಉಪ್ಪು ಆ ತಳ್ಳಾಟವನ್ನು ಅಡಗಿಸಿ, ನೋಡನೋಡುತ್ತಲೇ ಜೆಲ್ಲನ್ನು ನೀರಾಗಿಸುತ್ತದೆ. ಬೆವರಿನ ಉಪ್ಪು ಮಂಡಿಯ ಮೇಲೆ ಮಾಡುವುದೂ ಇದನ್ನೇ. ಜೆಲ್ ಕಾಣದಾದಾಗ ‘ಚರ್ಮ ಹೀರಿತು’ ಎನ್ನುತ್ತೇವೆ. ಒಡೆದು ಹರಡಿದ ಜೆಲ್‌ನ ನೀರು ಆರಿದೆ, ಅಷ್ಟೆ. ಔಷಧದ ಬಹುಪಾಲು ಮೇಲೆಯೇ ಇದೆ. ಒಂದು ಗಂಟೆಯಾದರೂ ಸ್ನಾನಕ್ಕೆ ಹೋಗಬೇಡಿ.